ರಬ್ಬರ್ ಗಿಡ ಚಟ್ಟಿಯಲ್ಲೇ ಇರಲಿ, ಬಾವಿಕಟ್ಟೆಯ ಹತ್ತಿರ ಬೇಡ

ಈ ಸಲ ಅಡಿಕೆ ರೇಟು, ಕೊಳೆರೋಗ, ಎಲೆಚುಕ್ಕಿ ಯಾವುದರ ಸುದ್ದಿಯೂ ಇಲ್ಲ. ಮನೆಯೊಳಗೆ ಚಟ್ಟಿಯಲ್ಲಿ ಇಡುವ ರಬ್ಬರ್ ಗಿಡದ ಬಗ್ಗೆ ಬರೆಯುತ್ತಾ ಇದ್ದೇನೆ. ಇವರಿಗೆ ಬೇರೆ ಕೆಲಸ ಇಲ್ಲವಾ ಅಂತ ಕೆಲವರಿಗೆ ಅನಿಸಬಹುದು. ಕೆಲಸ ಇತ್ತು ಮಾರಾಯ್ರೆ, ನಾಲ್ಕು ದಿನ ಅದೇ ಕೆಲಸ. ಬಾವಿಯ ಹತ್ತಿರ ಇದ್ದ ಒಂದು ಮರದ ಕುತ್ತಿ ಅಗೆದು ತೆಗೆಯುವ ಕೆಲಸ. ಆ ಮರ ನಮ್ಮ ಮನೆಗೆ ಬಂದದ್ದು ಒಂದೂವರೆ ಅಡಿಯ ಚಟ್ಟಿಯ ಗಿಡವಾಗಿ, ಬಣ್ಣದ ರಿಬ್ಬನ್ ಕಟ್ಟಿಸಿಕೊಂಡು.

2013ರಲ್ಲಿ ನಮ್ಮ ಹೊಸ ಮನೆಯ ಒಕ್ಕಲು. ಉಡುಗೊರೆಯಲ್ಲಿ ಗೋಡೆ ಗಡಿಯಾರ ಐದು, ಸ್ಟೀಲ್ ಪಾತ್ರೆ ಲೆಕ್ಕ ಇಲ್ಲ, ಮತ್ತೆ ಎರಡು ರಬ್ಬರ್ ಗಿಡ. ತಂದವರು ಮನೆಯವಳ ಅಕ್ಕ, ಬೆಂಗಳೂರಿನಲ್ಲಿ ಇರುವವರು. ನಾನು ನಗಾಡಿದೆ. "ಅಕ್ಕ, ಮನೆಯ ಹಿಂದೆ ಗುಡ್ಡೆಯಲ್ಲಿ 200 ರಬ್ಬರ್ ಮರ ಉಂಟು, ಬೆಳಿಗ್ಗೆ ಟ್ಯಾಪಿಂಗ್ ಆಗ್ತದೆ, ಇನ್ನು ಚಾವಡಿಗೂ ರಬ್ಬರಾ?" ಅಂದೆ. ಅವರು, "ಇದು ಆ ರಬ್ಬರ್ ಅಲ್ಲ ಭಾವ, ಎಲೆ ನೋಡಿ" ಅಂದರು. ನೋಡಿದೆ. ಹೌದು, ಆ ರಬ್ಬರ್ ಅಲ್ಲ.

ನಮ್ಮಲ್ಲಿ ಇನ್ನೂ ಸುಮಾರು ಜನರಿಗೆ ಈ ಗೊಂದಲ ಉಂಟು, ಹಾಗಾಗಿ ಮೊದಲು ಅದನ್ನು ಹೇಳಿಬಿಡುತ್ತೇನೆ. ನಾವು ಟ್ಯಾಪಿಂಗ್ ಮಾಡುವುದು ಬ್ರೆಜಿಲ್ ದೇಶದಿಂದ ಬಂದ ಹೆವಿಯಾ. ಅದು ಹರಳು, ಮರಗೆಣಸಿನ ಕುಟುಂಬದ್ದು. ಒಂದು ತೊಟ್ಟಿಗೆ ಮೂರು ಎಲೆ, ಚಳಿಗಾಲದಲ್ಲಿ ಎಲೆ ಪೂರ್ತಿ ಉದುರಿಸಿ ಮತ್ತೆ ಚಿಗುರುತ್ತದೆ. ಅದನ್ನು ಯಾರೂ ಮನೆಯೊಳಗೆ ಸಾಕುವುದಿಲ್ಲ. ಚಟ್ಟಿಯಲ್ಲಿ ಬರುವ ರಬ್ಬರ್ ಗಿಡ ಫೈಕಸ್ ಇಲಾಸ್ಟಿಕಾ. ಅಂದರೆ ಆಲ, ಅರಳಿ, ಅತ್ತಿಯ ಜಾತಿ, ಹಲಸಿನ ಕುಟುಂಬ. ದಪ್ಪ, ಹೊಳೆಯುವ ಒಂಟಿ ಎಲೆ, ತುದಿಯಲ್ಲಿ ಕೆಂಪು ಸಿಪ್ಪೆಯೊಳಗೆ ಸುತ್ತಿಕೊಂಡ ಚಿಗುರು. ಇದು ನಮ್ಮ ದೇಶದ್ದೇ ಮರ. ಅಸ್ಸಾಂ, ಮೇಘಾಲಯ, ಅಲ್ಲಿಂದ ಆಚೆ ಬರ್ಮಾ, ಮಲೇಷ್ಯಾದ ಕಾಡುಗಳಲ್ಲಿ ಉಂಟು. ಹೆವಿಯಾ ಬರುವ ಮೊದಲು ಬ್ರಿಟಿಷರು ಅಸ್ಸಾಮಿನಲ್ಲಿ ರಬ್ಬರ್ ತೆಗೆಯುತ್ತಿದ್ದದ್ದು ಇದರ ಹಾಲಿನಿಂದ. 1876ರಲ್ಲಿ ವಿಕ್‌ಹ್ಯಾಮ್ ಎಂಬವನು ಬ್ರೆಜಿಲ್‌ನಿಂದ ಹೆವಿಯಾ ಬೀಜ ಇಂಗ್ಲೆಂಡಿಗೆ ಸಾಗಿಸಿದ ಮೇಲೆ ಏಷ್ಯಾದಲ್ಲೆಲ್ಲ ಹೆವಿಯಾ ತೋಟ ಎದ್ದಿತು, ಇದರ ಲೆಕ್ಕ ಮುಗಿಯಿತು. ಹೆಸರು ಮಾತ್ರ ಉಳಿಯಿತು. ಈಗ ಚಂದಕ್ಕೆ ಸಾಕುತ್ತಾರೆ.

ಚಂದ ಹೌದು. ಅದರ ಬಗ್ಗೆ ನನ್ನ ತಕರಾರು ಇಲ್ಲ. ನನ್ನ ತಕರಾರು ಇರುವುದು ನಾವು ಕೃಷಿಕರು ಅದನ್ನು ನೋಡಿಕೊಳ್ಳುವ ಕ್ರಮದ ಮೇಲೆ. ನಮಗೆ ಚಟ್ಟಿಯಲ್ಲಿ ಗಿಡ ಸಾಕಲು ಬರುವುದಿಲ್ಲ. ಬರುವುದಿಲ್ಲ ಅಂತ ಒಪ್ಪಿಕೊಳ್ಳುವುದೂ ಇಲ್ಲ. ಕೊನೆಗೆ ಒಂದೋ ಕೊಲ್ಲುತ್ತೇವೆ, ಇಲ್ಲವೋ ಚಟ್ಟಿಯಿಂದ ತೆಗೆದು ಅಂಗಳದ ಬದಿಗೆ ನೆಟ್ಟುಬಿಡುತ್ತೇವೆ. ನಾನು ಎರಡನ್ನೂ ಮಾಡಿದವನು.

ಮೊದಲನೇ ಗಿಡ ಸತ್ತ ಕಥೆ ಸಣ್ಣದು. ಎರಡು ಗಿಡದಲ್ಲಿ ಒಂದನ್ನು ನಾನು ಚಾವಡಿಯಲ್ಲಿ ಇಟ್ಟೆ, ಇನ್ನೊಂದನ್ನು ಮನೆಯವಳು ಸಿಟೌಟಿನ ಮೂಲೆಯಲ್ಲಿ ಇಟ್ಟಳು. ನನ್ನದಕ್ಕೆ ದಿನಾ ಒಂದು ಚೊಂಬು ನೀರು. ಚಟ್ಟಿಯ ಹೊರಗೆ ಒಂದು ಪಿಂಗಾಣಿಯ ಚಂದದ ಚಟ್ಟಿ, ಅದಕ್ಕೆ ತೂತು ಇಲ್ಲ. ಜೂನ್ ಬಂತು, ಹೊರಗೆ ಜಡಿಮಳೆ, ಒಳಗೆ ನನ್ನ ಚೊಂಬು ನಿಲ್ಲಲಿಲ್ಲ. ಕೆಳಗಿನ ಎಲೆ ಹಳದಿಯಾಗಿ ಉದುರಿತು. ನೀರು ಸಾಕಾಗಲಿಲ್ಲ ಅಂತ ಎರಡು ಚೊಂಬು ಹಾಕಿದೆ. ಇನ್ನೂ ಉದುರಿತು. ಗೊಬ್ಬರ ಇಲ್ಲ ಅಂತ ಅಡಿಕೆಗೆ ತಂದ ರಸಗೊಬ್ಬರ ಒಂದು ಮುಷ್ಟಿ ಹಾಕಿದೆ. ಆಟಿ ಮುಗಿಯುವಾಗ ಗಿಡ ಒಂದು ಕೋಲು. ಕಿತ್ತು ನೋಡಿದರೆ ಬೇರು ಕಪ್ಪಾಗಿ, ಮುಟ್ಟಿದರೆ ಸಿಪ್ಪೆ ಜಾರುವ ಹಾಗೆ ಕೊಳೆತಿತ್ತು. ಕೊಳೆತ ಅಡಿಕೆಯ ಹಾಗೆಯೇ ವಾಸನೆ.

ಮನೆಯವಳ ಗಿಡ ಸಿಟೌಟಿನಲ್ಲಿ ಕಂಬದ ಹಾಗೆ ನಿಂತಿತ್ತು. ಅವಳು ಅದಕ್ಕೆ ನೆನಪಾದಾಗ ನೀರು ಹಾಕುತ್ತಿದ್ದಳು, ಅಷ್ಟೆ. ನನಗೆ ಅದು ಆಗ ಅರ್ಥ ಆಗಲಿಲ್ಲ. ಹೇಗೋ ಬದುಕಿತು ಅಂದುಕೊಂಡೆ.

ಈಗ ಅರ್ಥ ಆಗುತ್ತದೆ. ತೋಟದಲ್ಲಿ ನೀರು ಹೆಚ್ಚಾದರೆ ಬಸಿಗಾಲುವೆ ಉಂಟು, ಕಡಿಮೆಯಾದರೆ ಬೇರು ಕೆಳಗೆ ಹೋಗಿ ಹುಡುಕುತ್ತದೆ. ಗೊಬ್ಬರ ಹೆಚ್ಚಾದರೆ ಮಳೆ ತೊಳೆದುಕೊಂಡು ಹೋಗುತ್ತದೆ. ನಾವು ಮಾಡಿದ ತಪ್ಪಿನ ಅರ್ಧವನ್ನು ಮಣ್ಣು ಸುಧಾರಿಸುತ್ತದೆ. ಚಟ್ಟಿಯಲ್ಲಿ ಸುಧಾರಿಸಲು ಯಾರೂ ಇಲ್ಲ. ನಾವು ಹಾಕಿದ್ದು ಹಾಕಿದ ಹಾಗೆ ಬೇರಿಗೇ ತಾಗುತ್ತದೆ. 30 ವರ್ಷ ತೋಟ ಮಾಡಿದ ಅನುಭವ ಒಂದು ಚಟ್ಟಿಯ ಮುಂದೆ ಕೆಲಸಕ್ಕೆ ಬರಲಿಲ್ಲ ಅಂದರೆ ಕಾರಣ ಇದು.

ಇನ್ನು ಎರಡನೇ ಗಿಡ. ಮೂರು ವರ್ಷದಲ್ಲಿ ಅದು ಸಿಟೌಟಿನ ಸೀಲಿಂಗ್ ಮುಟ್ಟಿತು. ತುದಿ ಬಾಗಿತು. ಕಡಿಯಲು ಮನಸ್ಸಾಗಲಿಲ್ಲ. 2016ರ ಮಳೆಗಾಲದಲ್ಲಿ ನಾನೇ ಹೊಂಡ ತೆಗೆದು, ಹಟ್ಟಿಗೊಬ್ಬರ ಹಾಕಿ, ಬಾವಿಯಿಂದ ಹೆಚ್ಚು ಕಡಿಮೆ 12 ಅಡಿ ದೂರದಲ್ಲಿ ನೆಟ್ಟೆ. ಬಟ್ಟೆ ಒಗೆಯುವ ಕಲ್ಲಿನ ನೀರು ಆ ಕಡೆಯೇ ಹೋಗುತ್ತದೆ, ಬೇಸಿಗೆಯಲ್ಲಿ ಬೇರೆ ನೀರು ಬೇಡ ಅಂತ ಲೆಕ್ಕ. ಲೆಕ್ಕ ಸರಿ ಇತ್ತು. ಬೇಸಿಗೆಗೆ ಅದು ನನ್ನ ನೀರು ಕೇಳಲೇ ಇಲ್ಲ. ಎಲ್ಲಿಂದ ಕುಡಿಯುತ್ತಿತ್ತು ಅಂತ ನಾನೂ ಕೇಳಲಿಲ್ಲ.

ಎಂಟೊಂಬತ್ತು ವರ್ಷದಲ್ಲಿ ಮನೆಯ ಮಾಡಿಗಿಂತ ಮೇಲೆ ಹೋಯಿತು. ಒಳ್ಳೆ ನೆರಳು. ಬಂದವರೆಲ್ಲ ಚಂದ ಉಂಟು ಅಂದರು. ಈ ಏಪ್ರಿಲ್‌ನಲ್ಲಿ ಪಂಪು ನೀರು ಎಳೆಯುವುದನ್ನು ನಿಲ್ಲಿಸಿತು. ಫುಟ್ ವಾಲ್ವ್ ಎತ್ತಿದರೆ ಅದಕ್ಕೆ ತೆಂಗಿನ ನಾರಿನ ಹಾಗೆ ಕೆಂಪು ಬೇರು ಸುತ್ತಿತ್ತು. ಬಾವಿಗೆ ಇಳಿದ ಹುಡುಗ ಕೆಳಗಿನಿಂದಲೇ ಕೂಗಿ ಹೇಳಿದ, ಮೇಲಿನ ಆರು ವರಸೆ ಕಲ್ಲಿನ ಸಂದಿಯಲ್ಲೆಲ್ಲ ಬೇರು ಉಂಟು, ಒಂದು ಕಡೆ ಕಲ್ಲು ಹೊರಗೆ ದೂಡಿ ಬಂದಿದೆ ಅಂತ. ಅವನನ್ನು ಕೂಡಲೇ ಮೇಲೆ ಬರಲು ಹೇಳಿದೆ. ಅವನು ಮೇಲೆ ಬಂದ ಮೂರನೇ ದಿನ ಆ ಬದಿಯ ಕಲ್ಲು ಮಣ್ಣು ಸಮೇತ ಬಾವಿಗೆ ಬಿತ್ತು. ಆ ದಿನ ಅವನು ಒಳಗೆ ಇದ್ದಿದ್ದರೆ? ಈಗಲೂ ರಾತ್ರಿ ಎಚ್ಚರ ಆದರೆ ಅದೇ ನೆನಪು.

ಏಪ್ರಿಲ್ ಕೊನೆ. ಮನೆಯಲ್ಲಿ ನಾಲ್ಕು ಜನ, ಹಟ್ಟಿಯಲ್ಲಿ ಎರಡು ದನ ಒಂದು ಕರು. ಬಾವಿಯ ನೀರು ಕೆಸರು. 17 ದಿನ ನೆರೆಮನೆಯವರ ಬೋರಿನಿಂದ ಪೈಪು ಹಾಕಿ ನೀರು ತಂದೆವು. ಅವರ ಉಪಕಾರ ಮರೆಯುವ ಹಾಗಿಲ್ಲ. ಮರ ಕಡಿದು, ಕುತ್ತಿ ಅಗೆದು, ಬಾವಿಯ ಕಲ್ಲು ತೆಗೆದು ಪುನಃ ಕಟ್ಟಿಸಿ, ಒಟ್ಟು 46 ಸಾವಿರ ಹೋಯಿತು. ನಮ್ಮಂಥ ಎರಡು ಎಕ್ರೆಯವರಿಗೆ ಅದು ಸಣ್ಣ ಮೊತ್ತ ಅಲ್ಲ.

ಇಲ್ಲಿ ಒಂದು ವಿಷಯ ಎಲ್ಲರೂ ಸ್ವಲ್ಪ ಯೋಚನೆ ಮಾಡಬೇಕು. ಹಂಚಿನ ಮಾಡಿನ ಸಂದಿಯಲ್ಲಿ, ದೇವಸ್ಥಾನದ ಗೋಡೆಯಲ್ಲಿ ಒಂದು ಅರಳಿ ಸಸಿ ಕಂಡರೆ ನಮ್ಮ ಹಿರಿಯರು ಏನು ಮಾಡುತ್ತಿದ್ದರು? ಕೈ ಮುಗಿದು ಕಿತ್ತು ಹಾಕುತ್ತಿದ್ದರು. ಅರಳಿ ಬೇಕಾದರೆ ಅದಕ್ಕೆ ಮನೆಯಿಂದ ದೂರ ಕಟ್ಟೆ ಕಟ್ಟಿ ಅಲ್ಲಿ ಸಾಕಿದರು. ಆಲ ಅಂದರೆ ಗೋಳಿ ಇದ್ದದ್ದು ದಾರಿಬದಿಯಲ್ಲಿ, ಗುಡ್ಡೆಯಲ್ಲಿ. ಬಾವಿಕಟ್ಟೆಯ ಹತ್ತಿರ ಗೋಳಿ ನೆಟ್ಟ ಒಬ್ಬ ಅಜ್ಜನನ್ನು ನಾನು ಕಂಡಿಲ್ಲ. ಈ ಜಾತಿಯ ಬೇರು ಏನು ಮಾಡುತ್ತದೆ ಅಂತ ಅವರಿಗೆ ಗೊತ್ತಿತ್ತು. ನಾವು ಅದೇ ಅರಳಿಯ ತಮ್ಮನನ್ನು ನರ್ಸರಿಯಿಂದ 250 ರೂಪಾಯಿ ಕೊಟ್ಟು ತಂದು, ಮನೆಯ ಪಂಚಾಂಗದ ಪಕ್ಕ ಹೊಂಡ ತೆಗೆದು, ಗೊಬ್ಬರ ಹಾಕಿ ನೆಡುತ್ತೇವೆ. ಹೆಸರು ರಬ್ಬರ್ ಪ್ಲಾಂಟ್ ಅಂತ ಇದ್ದ ಕಾರಣ ಅದು ಯಾರ ಸಂಬಂಧಿಕ ಅಂತ ಕೇಳುವುದಿಲ್ಲ.

ಇದರ ಬೇರಿನ ಶಕ್ತಿ ಗೊತ್ತಾಗಬೇಕಾದರೆ ಮೇಘಾಲಯದ ಬೇರಿನ ಸೇತುವೆಯ ಚಿತ್ರ ನೋಡಿ. ಚಿರಾಪುಂಜಿಯ ಕಡೆಯ ಖಾಸಿ ಜನ ಹೊಳೆ ದಾಟಲು ಇದೇ ಮರದ ಬೇರಿನಿಂದ ಜೀವಂತ ಸೇತುವೆ ಮಾಡುತ್ತಾರೆ. ದಡದ ಮರದಿಂದ ಇಳಿಯುವ ಬೇರನ್ನು ಹೊಳೆಗೆ ಅಡ್ಡ ಹಾಯಿಸಿ ಆಚೆ ದಡದ ಮಣ್ಣಿಗೆ ಮುಟ್ಟಿಸುತ್ತಾರೆ. ಬೇರು ದಾರಿ ತಪ್ಪದ ಹಾಗೆ ಹಾಸುವುದು ಏನನ್ನು ಗೊತ್ತುಂಟಾ? ಅಡಿಕೆ ಮರ ಸೀಳಿ, ತಿರುಳು ತೆಗೆದ ದಂಬೆಯನ್ನು. ಅಲ್ಲಿಯೂ ನಮ್ಮ ಹಾಗೆ ಅಡಿಕೆ ಬೆಳೆಯುವವರೇ. ಜನ ನಡೆಯುವಷ್ಟು ಗಟ್ಟಿಯಾಗಲು ಹದಿನೈದಿಪ್ಪತ್ತು ವರ್ಷವಾದರೂ ಬೇಕು, ಮತ್ತೆ ವರ್ಷ ಹೋದ ಹಾಗೆ ಗಟ್ಟಿಯಾಗುತ್ತಲೇ ಹೋಗುತ್ತದೆ. ನೋಂಗ್ರಿಯಾಟ್ ಎಂಬ ಊರಿನಲ್ಲಿ ಎರಡು ಅಂತಸ್ತಿನ ಸೇತುವೆ ಉಂಟು. ಬೇರಿನ ಗುಣ ಗೊತ್ತಿದ್ದ ಜನ ಅದರಿಂದ ಹೊಳೆ ದಾಟಿದರು. ಗುಣ ಗೊತ್ತಿಲ್ಲದ ನಾನು ಅದನ್ನು ಬಾವಿಯ ಹತ್ತಿರ ನೆಟ್ಟೆ. ತಪ್ಪು ಮರದ್ದಲ್ಲ.

ನಮ್ಮ ಮನೆಯಿಂದ ಪೇಟೆಗೆ ಹೋಗುವ ದಾರಿಯಲ್ಲಿ ಹೊಸ ಮನೆ 14 ಉಂಟು. ಮೊನ್ನೆ ಬೈಕಿನಲ್ಲಿ ಹೋಗುವಾಗ ಲೆಕ್ಕ ಮಾಡಿದೆ. 9 ಮನೆಯಲ್ಲಿ ರಬ್ಬರ್ ಗಿಡ. ಅದರಲ್ಲಿ 4 ಈಗಾಗಲೇ ನೆಲಕ್ಕೆ ಇಳಿದಿದೆ. ಒಂದು ಸೆಪ್ಟಿಕ್ ಟ್ಯಾಂಕಿನ ಮೇಲೆಯೇ ಅಂತ ಹೇಳಬಹುದು. ಹಾಗಾಗಿ ಈ ಬರಹ.

ಜನ ಯಾಕೆ ನೆಲಕ್ಕೆ ಇಳಿಸುತ್ತಾರೆ? ಚಟ್ಟಿಯಲ್ಲಿ ಎಲೆ ಉದುರುತ್ತದೆ, ಸೊರಗುತ್ತದೆ, ಅಥವಾ ತುಂಬ ಉದ್ದ ಹೋಗುತ್ತದೆ. ಪಾಪ, ಮಣ್ಣಿನಲ್ಲಿ ಬದುಕಲಿ ಅಂತ ನೆಡುತ್ತಾರೆ. ಅಂದರೆ ಚಟ್ಟಿಯಲ್ಲಿ ಸರಿ ಸಾಕಿದರೆ ನೆಲಕ್ಕೆ ಇಳಿಸುವ ಪ್ರಶ್ನೆಯೇ ಬರುವುದಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಮಗಳು ಮನೆಯಿಂದಲೇ ಆಫೀಸು ಕೆಲಸ ಮಾಡುತ್ತಿದ್ದಾಗ ಆ ಮರದಿಂದ ಒಂದು ಗೂಟಿ ಕಟ್ಟಿ ಚಟ್ಟಿಗೆ ಹಾಕಿದಳು. ಹೋಗುವಾಗ, "ಅಪ್ಪ, ನಾನು ಹೇಳಿದಷ್ಟೇ ಮಾಡಿ, ಹೆಚ್ಚು ಪ್ರೀತಿ ಮಾಡಬೇಡಿ" ಅಂತ ಹೇಳಿ ಹೋದಳು. ಈಗ ಆ ಗಿಡ ನಾಲ್ಕು ಅಡಿ, ತುಂಬಿದ ಎಲೆ, ಇನ್ನೂ ಅದೇ ಚಟ್ಟಿ. ಅವಳು ಹೇಳಿದ್ದು, ನಾನು ಮಾಡಿ ಕಂಡದ್ದು, ಎರಡೂ ಸೇರಿಸಿ ಬರೆಯುತ್ತೇನೆ.

ನೀರು. ಇದೇ ಮುಖ್ಯ. ಗಿಡ ಸಾಯುವುದು ಹೆಚ್ಚಾಗಿ ನೀರು ಇಲ್ಲದೆ ಅಲ್ಲ, ನೀರು ಹೆಚ್ಚಾಗಿ. ತೋರುಬೆರಳು ಎರಡು ಗಂಟಿನವರೆಗೆ ಮಣ್ಣಿಗೆ ಇಳಿಸಿ ನೋಡಿ. ತಂಪು ಇದ್ದರೆ ನೀರು ಬೇಡ. ಒಣಗಿದ್ದರೆ ಚಟ್ಟಿಯ ಅಡಿಯ ತೂತಿನಿಂದ ಹೊರಗೆ ಬರುವಷ್ಟು ಹಾಕಿ, ಮತ್ತೆ ಒಣಗುವವರೆಗೆ ಮುಟ್ಟಬೇಡಿ. ದಿನಾ ಸ್ವಲ್ಪ ಸ್ವಲ್ಪ ಹಾಕುವ ಕ್ರಮ ಒಳ್ಳೆಯದಲ್ಲ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ. ಆಗ ನನ್ನ ಗಿಡಕ್ಕೆ ಹತ್ತು ಹನ್ನೆರಡು ದಿನಕ್ಕೆ ಒಮ್ಮೆ ಸಾಕಾಗುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ವಾರಕ್ಕೆ ಎರಡು ಸಲ. ನಿಮ್ಮ ಮನೆಯ ಗಾಳಿ ಬೆಳಕು ಬೇರೆ ಇರಬಹುದು, ಹಾಗಾಗಿ ದಿನದ ಲೆಕ್ಕಕ್ಕಿಂತ ಬೆರಳಿನ ಲೆಕ್ಕ ನಂಬಿ.

ಅಡಿಯ ತಟ್ಟೆಯಲ್ಲಿ ನಿಂತ ನೀರು ಆಗಲೇ ಚೆಲ್ಲಿ. ಇದು ಗಿಡಕ್ಕಾಗಿ ಮಾತ್ರ ಹೇಳುವುದಲ್ಲ. ಡೆಂಗ್ಯೂ ತರುವ ಸೊಳ್ಳೆ ಮೊಟ್ಟೆ ಇಡುವುದು ಇಂಥ ಸಣ್ಣ ನಿಂತ ನೀರಿನಲ್ಲಿ. ರಬ್ಬರ್ ತೋಟದಲ್ಲಿ ಮಳೆಗಾಲಕ್ಕೆ ಚಿಪ್ಪು ಕವುಚಿ ಹಾಕಿ ಅಂತ ಆರೋಗ್ಯ ಇಲಾಖೆಯವರು ನಮಗೆ ಪ್ರತಿ ವರ್ಷ ಹೇಳುತ್ತಾರಲ್ಲ, ಸಿಟೌಟಿನ ತಟ್ಟೆಗೂ ಅದೇ ಮಾತು.

ಬೆಳಕು. ಒಳಗೆ ಇಡುವ ಗಿಡ ಅಂದರೆ ಕತ್ತಲೆಯಲ್ಲಿ ಇಡುವ ಗಿಡ ಅಲ್ಲ. ಟಿವಿಯ ಹಿಂದಿನ ಮೂಲೆಯಲ್ಲಿ ಇಟ್ಟರೆ ಸಾಯುವುದಿಲ್ಲ, ಆದರೆ ಎಲೆ ಸಣ್ಣದಾಗಿ, ಗಂಟಿನಿಂದ ಗಂಟಿಗೆ ಅಂತರ ಹೆಚ್ಚಾಗಿ ಕೋಲಿನ ಹಾಗೆ ಉದ್ದ ಹೋಗುತ್ತದೆ. ಪೂರ್ವದ ಕಿಟಕಿಯ ಹತ್ತಿರ ಅಥವಾ ಸಿಟೌಟಿನಲ್ಲಿ, ಬೆಳಿಗ್ಗಿನ ಎಳೆ ಬಿಸಿಲು ಬಿದ್ದು ಆಮೇಲೆ ನೆರಳು ಇರುವಲ್ಲಿ ಒಳ್ಳೆಯದು. ನರ್ಸರಿಯಲ್ಲಿ ಶೇಡ್ ನೆಟ್ ಅಡಿಯಲ್ಲಿ ಬೆಳೆದ ಗಿಡವನ್ನು ತಂದು ಮಾರ್ಚ್ ತಿಂಗಳ ಮಧ್ಯಾಹ್ನದ ಬಿಸಿಲಿಗೆ ಇಟ್ಟರೆ ಎಲೆ ಸುಟ್ಟು ಕಂದು ಕಲೆ ಬೀಳುತ್ತದೆ. ಎಳೆ ಅಡಿಕೆ ಸಸಿಗೆ ಪಶ್ಚಿಮದ ಬಿಸಿಲು ಬಡಿದ ಹಾಗೆಯೇ.

ಜಾಗ. ಒಮ್ಮೆ ಇಟ್ಟ ಮೇಲೆ ಪದೇ ಪದೇ ಎತ್ತಿಡಬೇಡಿ. ಹೊಸ ಜಾಗಕ್ಕೆ ಬಂದಾಗ ನಾಲ್ಕೈದು ಎಲೆ ಉದುರಿಸುವುದು ಅದರ ಗುಣ. ಆಗ ಹೆದರಿ ನೀರು, ಗೊಬ್ಬರ ಅಂತ ಓಡಾಡಬೇಡಿ. ಮೂರು ವಾರ ಸುಮ್ಮನೆ ಇರಿ.

ಮಣ್ಣು. ಗದ್ದೆಯ ಅಂಟು ಮಣ್ಣು ಬೇಡ. ನಾನು ಹಾಕಿದ್ದು ಸುಡುಮಣ್ಣು ಎರಡು ಪಾಲು, ಹೊಯ್ಗೆ ಒಂದು ಪಾಲು, ಚೆನ್ನಾಗಿ ಹುಡಿಯಾದ ಹಳೇ ಹಟ್ಟಿಗೊಬ್ಬರ ಒಂದು ಪಾಲು, ತೆಂಗಿನ ನಾರಿನ ಹುಡಿ ಅರ್ಧ ಪಾಲು. ನೀರು ಹಾಕಿದರೆ ಮೇಲೆ ನಿಲ್ಲದೆ ಇಳಿದು ಹೋಗಬೇಕು. ಚಟ್ಟಿಗೆ ತೂತು ಇರಲೇಬೇಕು. ತೂತಿಲ್ಲದ ಚಂದದ ಚಟ್ಟಿ ಅಷ್ಟು ಇಷ್ಟವಾದರೆ ಅದರಲ್ಲಿ ಅಕ್ಕಿ ಹಾಕಿಡಿ. ಇನ್ನೊಂದು ತಪ್ಪು, ಸಣ್ಣ ಗಿಡಕ್ಕೆ ದೊಡ್ಡ ಚಟ್ಟಿ. ಬೇರು ಇಲ್ಲದ ಕಡೆ ಮಣ್ಣು ಒದ್ದೆಯಾಗಿಯೇ ಉಳಿದು ಕೊಳೆ ಅಲ್ಲಿಂದ ಶುರುವಾಗುತ್ತದೆ. ಈಗ ಇರುವ ಚಟ್ಟಿಗಿಂತ ಎರಡು ಇಂಚು ಅಗಲ ಸಾಕು.

ಗೊಬ್ಬರ. ಚಿಗುರುವ ಕಾಲದಲ್ಲಿ ಎರಡು ತಿಂಗಳಿಗೆ ಒಮ್ಮೆ ಒಂದು ಮುಷ್ಟಿ ಎರೆಗೊಬ್ಬರ. ಅಷ್ಟೇ. ಅಡಿಕೆಗೆ ಹಾಕುವ ರಸಗೊಬ್ಬರದ ಚೀಲ ಇದರ ಹತ್ತಿರ ತರಬೇಡಿ.

ಎಲೆ. ನಮ್ಮ ಮಣ್ಣಿನ ರಸ್ತೆಯ ಕೆಂಪು ಧೂಳು ಎಲೆಯ ಮೇಲೆ ಕೂತರೆ ಬೆಳಕು ಸಿಗುವುದಿಲ್ಲ. ಹದಿನೈದು ದಿನಕ್ಕೆ ಒಮ್ಮೆ ಒದ್ದೆ ಬಟ್ಟೆಯಲ್ಲಿ ಒರಸಿ, ಅಡಿಯಿಂದ ಇನ್ನೊಂದು ಕೈ ಕೊಟ್ಟು. ಹೊಳಪು ಬರಲಿ ಅಂತ ತೆಂಗಿನೆಣ್ಣೆ ಹಚ್ಚುವವರು ಇದ್ದಾರೆ. ಹೊಳಪು ಎರಡು ದಿನ, ಆಮೇಲೆ ಅದಕ್ಕೇ ಧೂಳು ಅಂಟಿ ಎಲೆಯ ಉಸಿರು ಕಟ್ಟುತ್ತದೆ. ಒರಸುವಾಗ ಎಲೆಯ ಅಡಿಯನ್ನೂ ನೋಡಿ. ಬಿಳಿ ಹಿಟ್ಟು ತಿಗಣೆ, ಚಿಪ್ಪಿನ ಹಾಗಿನ ಕೀಟ ಕಂಡರೆ ಸಾಬೂನು ನೀರಿನಲ್ಲಿ ಒರಸಿ ತೆಗೆಯಿರಿ. ಹೆಚ್ಚಿದ್ದರೆ ಲೀಟರಿಗೆ 5 ಮಿಲಿ ಬೇವಿನೆಣ್ಣೆ, ಸ್ವಲ್ಪ ಸಾಬೂನು ಕದಡಿ ಗಿಡವನ್ನು ಹೊರಗೆ ತಂದು ಸಿಂಪಡಿಸಿ. ತೋಟಕ್ಕೆ ತಂದ ವಿಷ ಮನೆಯೊಳಗಿನ ಗಿಡಕ್ಕೆ ಖಂಡಿತ ಬೇಡ.

ಈಗ ಮುಖ್ಯ ವಿಷಯ, ಎತ್ತರ. ತುದಿ ಕಡಿಯಲು ಮನಸ್ಸಾಗದೆ ನಾನು ಕೆಟ್ಟೆ. ನೀವು ಕಡಿಯಿರಿ. ಮೊದಲ ಎರಡು ಮಳೆ ಬಿದ್ದ ಮೇಲೆ, ನಿಮಗೆ ಬೇಕಾದ ಎತ್ತರದಲ್ಲಿ ಒಂದು ಗಂಟಿನ ಸ್ವಲ್ಪ ಮೇಲೆ ಹರಿತ ಕತ್ತಿಯಿಂದ ಕಡಿದರೆ ಕೆಳಗಿನಿಂದ ಎರಡು ಮೂರು ಕವಲು ಬಂದು ಗಿಡ ತುಂಬಿಕೊಳ್ಳುತ್ತದೆ. ಹಾಲು ಸುರಿಯುತ್ತದೆ, ಒದ್ದೆ ಬಟ್ಟೆ ಒತ್ತಿ ಹಿಡಿಯಿರಿ, ನಿಲ್ಲುತ್ತದೆ. ಆ ಹಾಲು ಕೆಲವರ ಚರ್ಮಕ್ಕೆ ತುರಿಕೆ ಮಾಡುತ್ತದೆ, ಕಣ್ಣಿಗೆ ಬೀಳಬಾರದು, ಸಣ್ಣ ಮಕ್ಕಳು ಎಲೆ ಕಚ್ಚದ ಹಾಗೆ ನೋಡಿಕೊಳ್ಳಿ. ಹಲಸು ಕೊಯ್ಯುವಾಗ ಮೇಣ ಅಂಟದಿರಲು ಕೈಗೆ ತೆಂಗಿನೆಣ್ಣೆ ಹಚ್ಚುತ್ತೇವಲ್ಲ, ಇಲ್ಲಿಯೂ ಹಾಗೆ ಮಾಡಿ.

ಎರಡು ಮೂರು ವರ್ಷಕ್ಕೆ ಒಮ್ಮೆ ಗಿಡವನ್ನು ಚಟ್ಟಿಯಿಂದ ಎಳೆದು ತೆಗೆಯಿರಿ. ಬೇರು ಚಟ್ಟಿಯ ಆಕಾರಕ್ಕೆ ಸುತ್ತಿಕೊಂಡಿರುತ್ತದೆ. ಸುತ್ತಲಿನ ಬೇರು ಕಾಲು ಭಾಗ ಕತ್ತರಿಸಿ, ಹೊಸ ಮಣ್ಣು ತುಂಬಿ, ಅದೇ ಚಟ್ಟಿಯಲ್ಲಿ ಕೂರಿಸಿ. ಮೇಲೆ ಸ್ವಲ್ಪ ಎಲೆಯನ್ನೂ ಕಡಿಮೆ ಮಾಡಿ, ಒಂದು ತಿಂಗಳು ನೆರಳಲ್ಲಿ ಇಡಿ. ಮೇಲೆ ಕೆಳಗೆ ಎರಡೂ ಕಡೆ ಕತ್ತಿ ಹಾಕಿದರೆ ಕಾಡಿನಲ್ಲಿ ನೂರು ಅಡಿ ಹೋಗುವ ಮರವೂ ಸಿಟೌಟಿನಲ್ಲಿ ನಾಲ್ಕು ಅಡಿಯಾಗಿ ಸುಖವಾಗಿ ಇರುತ್ತದೆ. ಇದು ಹಿಂಸೆ ಅಂತ ಒಬ್ಬರು ಹೇಳಿದರು. ವರ್ಷ ವರ್ಷ ಕಾಳುಮೆಣಸಿನ ಕುಡಿ ಚಿವುಟುವ, ಗೇರು ಸವರುವ ನಮಗೆ ಆ ಮಾತು ಹೊಂದುವುದಿಲ್ಲ.

"24 ಗಂಟೆ ಆಕ್ಸಿಜನ್ ಕೊಡುತ್ತದೆ, ಗಾಳಿ ಶುದ್ಧ ಮಾಡುತ್ತದೆ" ಅಂತ ನರ್ಸರಿಯವರು ಹೇಳುವುದಕ್ಕೂ ಒಂದು ಮಾತು. ರಾತ್ರಿ ಇದೂ ಬೇರೆ ಗಿಡದ ಹಾಗೆ ಉಸಿರಾಡುವುದೇ. 1989ರಲ್ಲಿ ಅಮೆರಿಕದ ನಾಸಾದವರು ಮಾಡಿದ ಪರೀಕ್ಷೆಯ ಹೆಸರು ಹೇಳುತ್ತಾರೆ, ಅದು ಗಾಳಿಯಾಡದ ಸಣ್ಣ ಪೆಟ್ಟಿಗೆಯೊಳಗೆ ಮಾಡಿದ್ದು. ನಮ್ಮ ಮನೆಯ ಸುತ್ತ ಅಡಿಕೆ, ತೆಂಗು, ಕಾಡು. ಶುದ್ಧ ಗಾಳಿ ಬೇಕಾದರೆ ಕಿಟಕಿ ತೆರೆದರೆ ಆಯಿತು. ಗಿಡ ಇಡುವುದಾದರೆ ಚಂದಕ್ಕೆ ಇಡಿ. ಚಂದಕ್ಕೆ ಒಂದು ಗಿಡ ಇಡುವುದು ತಪ್ಪೇನಲ್ಲ. ಕೃಷಿಕನ ಮನೆಯಲ್ಲಿ ಎಲ್ಲದಕ್ಕೂ ಫಸಲು ಬರಬೇಕು ಅಂತ ಇಲ್ಲ.

ಈಗಾಗಲೇ ನೆಲಕ್ಕೆ ನೆಟ್ಟವರು ಏನು ಮಾಡುವುದು? ಎರಡು ಮೂರು ವರ್ಷದ ಗಿಡ ಆದರೆ ಈ ಮಳೆಗಾಲದಲ್ಲೇ ಮೂರು ಅಡಿಗೆ ಕಡಿದು, ಬುಡ ಅಗೆದು ಚಟ್ಟಿಗೆ ಹಾಕಿ, ಬದುಕುತ್ತದೆ. ದೊಡ್ಡದಾಗಿದ್ದರೆ ಕಡಿಯುವುದೇ ದಾರಿ, ಆದರೆ ಕಡಿದು ಬಿಟ್ಟರೆ ಕುತ್ತಿಯಿಂದ ಮತ್ತೆ ಚಿಗುರುತ್ತದೆ. ಅಗೆದು ತೆಗೆಯಬೇಕು, ಅಥವಾ ಚಿಗುರು ಬಂದ ಹಾಗೆ ಮುರಿಯುತ್ತಾ ಇರಬೇಕು. ಕುತ್ತಿಗೆ ಕಳೆನಾಶಕ, ಸೀಮೆಎಣ್ಣೆ ಹೊಯ್ಯಬೇಡಿ, ನೀವು ಕುಡಿಯುವ ಬಾವಿ ಅಲ್ಲೇ ಉಂಟು. ಬಾವಿಯೊಳಗೆ ಬೇರು ಕಂಡರೆ ಕೆಲಸ ಗೊತ್ತಿದ್ದವರನ್ನು ಕರೆಸದೆ ಯಾರನ್ನೂ ಒಳಗೆ ಇಳಿಸಬೇಡಿ. ಗುಡ್ಡೆಯಲ್ಲಿ ನೆಡಬಹುದಲ್ಲ ಅಂದರೆ, ಬಾವಿ, ಮನೆ, ಸೆಪ್ಟಿಕ್ ಟ್ಯಾಂಕಿನಿಂದ ಕಡಿಮೆಯೆಂದರೂ 50 ಅಡಿ ದೂರ ಅಂತ ನನ್ನ ಲೆಕ್ಕ. ಅಷ್ಟು ಜಾಗ ಇದ್ದರೆ ನಾನಾದರೆ ಅದರ ಬದಲು ಅತ್ತಿಯೋ ಹಲಸೋ ನೆಡುತ್ತೇನೆ. ಹಕ್ಕಿಗೂ ಹಣ್ಣಾಯಿತು, ನಮಗೂ ಆಯಿತು.

ಕೊನೆಗೆ ಒಂದು ವಿಷಯ. ಮರ ಕಡಿಯುವ ಮೊದಲು ಮಗಳು ಫೋನಿನಲ್ಲಿ ಹೇಳಿದ ಹಾಗೆ ಎಳೆ ಕೊಂಬೆಗಳಿಗೆ ಗೂಟಿ ಕಟ್ಟಿದ್ದೆ. ಒಂದು ಇಂಚು ಸಿಪ್ಪೆ ಉಂಗುರದ ಹಾಗೆ ತೆಗೆದು, ಹಾಲು ಒರಸಿ, ಒದ್ದೆ ಮಾಡಿದ ನಾರಿನ ಹುಡಿ ಸುತ್ತಿ ತೊಟ್ಟೆ ಕಟ್ಟಿದ್ದು. ಮರ ಬೀಳುವ ಹೊತ್ತಿಗೆ ಬಿಳಿ ಬೇರು ಬಂದಿತ್ತು. ಆರು ಗಿಡ ತೊಟ್ಟೆಯಲ್ಲಿ ಚಿಗುರಿ ನಿಂತಿದೆ. ಬೇಕಾದವರು ಮನೆಗೆ ಬನ್ನಿ, ದುಡ್ಡು ಬೇಡ. ಬರುವಾಗ ತೂತು ಇರುವ ಚಟ್ಟಿ ತನ್ನಿ. ನೆಲಕ್ಕೆ ಇಳಿಸುವುದಿಲ್ಲ ಅಂತ ಮನೆಯವಳ ಎದುರು ಒಂದು ಮಾತು ಕೊಟ್ಟು ಹೋಗಿ. ಹೊಸದಾಗಿ ಕಟ್ಟಿದ ಬಾವಿಯ ನೀರಲ್ಲೇ ಒಂದು ಲೋಟ ಮಜ್ಜಿಗೆ ಕುಡಿದು ಹೋಗಬಹುದು.